ಆಲ್ದೋ ಬಂದರೆ ಬಟ್ ಯಾಕೆ ಬರಬಾರದು? ಹುಡುಗನಿಗೆ ಹೇಗೆ ಬಿಡಿಸಿ ಹೇಳಲಿ?

ಪ್ರಶ್ನೆ: ಮಂಡಿಲೆಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮದು ಹೆಚ್ಚಾಗಿ ಮೆಕ್ಕೆಜೋಳದ ವ್ಯಾಪಾರ. ಮಾಲು ಹೋಗುವುದು ಕೋಳಿ ಆಹಾರದ ಕಾರ್ಖಾನೆಗಳಿಗೆ, ತಮಿಳುನಾಡಿನ ಕಡೆಗೆ ಜಾಸ್ತಿ. ಅವರ ಜೊತೆ ಇಮೇಲು, ಪತ್ರ ಎಲ್ಲ ಇಂಗ್ಲಿಷಿನಲ್ಲೇ ಆಗಬೇಕು.

ಈ ಸುಗ್ಗಿಗೆ ಒಬ್ಬ ಹೊಸ ಹುಡುಗ ಸೇರಿದ್ದಾನೆ. ಜಗಳೂರು ತಾಲ್ಲೂಕಿನವನು. ಕನ್ನಡ ಮಾಧ್ಯಮದಲ್ಲಿ ಓದಿ ಬಿಕಾಂ ಮುಗಿಸಿದ್ದಾನೆ. ಲೆಕ್ಕದಲ್ಲಿ ಬಹಳ ಚುರುಕು. ಮೇಲ್ ಬರೆಯುವ ಕೆಲಸ ಅವನಿಗೆ ಕೊಟ್ಟಿದ್ದೇನೆ, ಕಳಿಸುವ ಮುಂಚೆ ನಾನು ಒಮ್ಮೆ ನೋಡುತ್ತೇನೆ. ಅವನ ಒಂಟಿ ವಾಕ್ಯಗಳು ಚೆನ್ನಾಗಿಯೇ ಇರುತ್ತವೆ. ಎರಡು ಮಾತು ಸೇರಿಸಲು ಹೋದಾಗ ಎಡವಟ್ಟಾಗುತ್ತದೆ. ಈ ವಾರದ್ದೇ ಕೆಲವು ನೋಡಿ:

"ಆಲ್ದೋ ಮಾಯಿಶ್ಚರ್ ವಾಸ್ ಥರ್ಟೀನ್ ಪರ್ಸೆಂಟ್, ಬಟ್ ಯು ರಿಟರ್ನ್ಡ್ ದ ಲಾರಿ."

"ಬಿಕಾಸ್ ರೈನ್ ಕೇಮ್, ಸೋ ಲೋಡಿಂಗ್ ಸ್ಟಾಪ್ಡ್."

"ಅನ್‌ಲೆಸ್ ಯು ಡೋಂಟ್ ಕ್ಲಿಯರ್ ದ ಓಲ್ಡ್ ಬಿಲ್, ವಿ ಕೆನಾಟ್ ಸೆಂಡ್ ದ ನೆಕ್ಸ್ಟ್ ಲೋಡ್."

"ವೆನ್ ದ ಲಾರಿ ವಿಲ್ ರೀಚ್, ಪ್ಲೀಸ್ ಕಾಲ್ ಅಸ್."

ನಾನು ಬಟ್ ಹೊಡೆದು ಹಾಕುತ್ತೇನೆ, ಸೋ ಹೊಡೆದು ಹಾಕುತ್ತೇನೆ, ವಿಲ್ ತೆಗೆಯುತ್ತೇನೆ. ಅವನು ಸುಮ್ನೆ ಒಪ್ಪಿಕೊಳ್ಳುವ ಹುಡುಗನಲ್ಲ. "ಯಾಕೆ ಅಕ್ಕ? ಅರ್ಥ ಆಗುತ್ತಲ್ಲ?" ಅಂತ ಕೇಳುತ್ತಾನೆ. ಕೇಳಲೇಬೇಕು, ಅದು ಸರಿಯಾದ ಪ್ರಶ್ನೆ. ನನಗೆ ಕಿವಿಗೆ ಹೊಂದುವುದಿಲ್ಲ ಅಂತ ಗೊತ್ತು, ಕಾರಣ ಹೇಳಲು ಬರುವುದಿಲ್ಲ. ಗ್ರಾಮರ್ ಪುಸ್ತಕ ತೆಗೆದರೆ "ಸಬಾರ್ಡಿನೇಟಿಂಗ್ ಕಂಜಂಕ್ಷನ್" ಅಂತ ಒಂದು ಉದ್ದ ಪಟ್ಟಿ ಇದೆ. ಪಟ್ಟಿ ಕೊಟ್ಟರೆ ಅವನು ಬಾಯಿಪಾಠ ಮಾಡುತ್ತಾನೆ, ಆದರೆ ಅವನಿಗೆ ಬೇಕಾದ್ದು ಅದಲ್ಲ. ಕನ್ನಡದಲ್ಲಿ ಯೋಚಿಸುವ ಒಬ್ಬ ಬುದ್ಧಿವಂತ ಹುಡುಗನಿಗೆ ಇದನ್ನು ಹೇಗೆ ಮನವರಿಕೆ ಮಾಡುವುದು? ಪಾಠ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ತುಂಗಾತೀರ, ಹರಿಹರ

ಮೇಡಂ, ನಾನು ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ದಿನಾ ಇಂಥ ಮೇಲು ಓದುತ್ತೇನೆ. ನನ್ನ ಸಲಹೆ: ಸೇರಿಸುವುದೇ ಬೇಡ. ಸಣ್ಣ ಸಣ್ಣ ವಾಕ್ಯ ಬರೆಯಲಿ. "ಮಾಯಿಶ್ಚರ್ ವಾಸ್ ಥರ್ಟೀನ್ ಪರ್ಸೆಂಟ್. ಯು ರಿಟರ್ನ್ಡ್ ದ ಲಾರಿ." ಮುಗಿಯಿತು. ತಪ್ಪಾಗುವ ಜಾಗವೇ ಇಲ್ಲ. ಓದುವವನಿಗೆ ಹೊತ್ತು ಉಳಿಯುತ್ತದೆ. ವ್ಯಾಪಾರದ ಪತ್ರಕ್ಕೆ ಇಷ್ಟು ಸಾಕು, ಅಲ್ವಾ?

ಉತ್ತರ: ಕೋಟೆಬೀದಿ ಮೇಷ್ಟ್ರು, ಚಿತ್ರದುರ್ಗ

ತಾಯಿ, ನಿಮ್ಮ ಹುಡುಗ "ಯಾಕೆ" ಅಂತ ಕೇಳಿದ್ದು ಓದಿ ಬಹಳ ಸಂತೋಷವಾಯಿತು. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಈ ಬಟ್ ನನ್ನ ಎಲ್ಲ ತರಗತಿಗಳಲ್ಲೂ ಬಂದಿದೆ. ಅದು ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ಸಲೀಸು.

ಕನ್ನಡದಲ್ಲಿ ಎರಡು ಮಾತು ಸೇರಿಸುವ ಕೆಲಸ ಮಾಡುವುದು ಕ್ರಿಯಾಪದದ ಕೊನೆ. ಬಂದರೆ, ಬಂದರೂ, ಬಂದಾಗ, ಬಂದ ಮೇಲೆ, ಬರುವವರೆಗೆ, ಬಂದದ್ದರಿಂದ. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಈ ಕೆಲಸ ಇಲ್ಲ. ಇಫ್, ಆಲ್ದೋ, ವೆನ್, ಆಫ್ಟರ್, ಅನ್‌ಟಿಲ್, ಬಿಕಾಸ್ ಅಂತ ಬೇರೆ ಪದ ಇದೆ, ಅದು ಉಪವಾಕ್ಯದ, ಅಂದರೆ ಮುಖ್ಯ ಮಾತಿಗೆ ಆತುಕೊಂಡ ಮಾತಿನ, ತಲೆಯಲ್ಲಿ ಬಂದು ಕೂರುತ್ತದೆ.

ಈಗ ಹುಡುಗನ ವಾಕ್ಯ ನೋಡಿ. "ತೇವಾಂಶ 13 ಇದ್ದರೂ ಲಾರಿ ವಾಪಸ್ ಕಳಿಸಿದಿರಿ." ಇಲ್ಲಿ ಆ "ರೂ" ಎಲ್ಲಿದೆ? ಸರಿಯಾಗಿ ಎರಡು ಮಾತು ಕೂಡುವ ಸಂದಿಯಲ್ಲಿ. ಕನ್ನಡದ ಕಿವಿ ಆ ಸಂದಿಯಲ್ಲಿ ಏನೋ ಒಂದನ್ನು ಕೇಳಿಯೇ ಬೆಳೆದದ್ದು. ಹುಡುಗ ಇಂಗ್ಲಿಷಿನಲ್ಲಿ ಆಲ್ದೋ ಅಂತ ಶುರು ಮಾಡುತ್ತಾನೆ, ಮೊದಲರ್ಧ ಮುಗಿಸುತ್ತಾನೆ, ಸಂದಿಗೆ ಬರುತ್ತಾನೆ. ಅಲ್ಲಿ ಬರೀ ಒಂದು ಕಾಮಾ. ಖಾಲಿ ಖಾಲಿ ಅನ್ನಿಸುತ್ತದೆ. ಕೈ ತಾನಾಗಿ ಬಟ್ ಬರೆಯುತ್ತದೆ. ಬಿಕಾಸ್ ಆದ ಮೇಲೆ ಸೋ ಬರುವುದೂ ಇದೇ ಕಾರಣಕ್ಕೆ. ಇದು ದಡ್ಡತನ ಅಲ್ಲವೇ ಅಲ್ಲ. ಅವನ ತಾಯ್ನುಡಿ ಅವನಿಗೆ ಕಲಿಸಿದ ಒಳ್ಳೆಯ ಅಭ್ಯಾಸ, ಬೇರೆ ಊರಿಗೆ ಹೋಗಿದೆ ಅಷ್ಟೇ.

ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಒಂದೇ ಪಿನ್ನು. ಇಂಗ್ಲಿಷಿನಲ್ಲೂ ಎರಡು ಮಾತಿಗೆ ಒಂದೇ ಕೊಂಡಿ. ಆಲ್ದೋ ಹಾಕಿದರೆ ಬಟ್ ಬೇಡ, ಬಟ್ ಹಾಕಿದರೆ ಆಲ್ದೋ ಬೇಡ. ಎರಡೂ ಸರಿ, ಯಾವುದಾದರೂ ಒಂದು.

ಆದರೆ ಇವೆರಡೂ ಒಂದೇ ಜಾತಿಯವಲ್ಲ. ಇದನ್ನು ತೋರಿಸಲು ನಾನು ಒನಕೆ ಓಬವ್ವನ ಕಥೆ ಬಳಸುತ್ತಿದ್ದೆ. ದುರ್ಗದ ಮಕ್ಕಳಿಗೆ ಆ ಕಥೆ ಹೇಳಿಕೊಡಬೇಕಿಲ್ಲ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಶತ್ರು ಸೈನಿಕರು ತೂರಿ ಬರುತ್ತಿದ್ದರು, ಒನಕೆ ತೆಗೆದುಕೊಂಡಳು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಅದೇ ಹೊತ್ತಿಗೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ತಲೆಯೆಲ್ಲ ಇಂಗ್ಲಿಷಿನ ಕೊಂಡಿಯ ಮೇಲೇ ಇರುತ್ತದೆ.

ಬೋರ್ಡಿನ ಮೇಲೆ ಬರೆಯುತ್ತಿದ್ದೆ: "ವೈಲ್ ಹರ್ ಹಸ್ಬೆಂಡ್ ವಾಸ್ ಈಟಿಂಗ್, ಓಬವ್ವ ವೆಂಟ್ ಟು ಫೆಚ್ ವಾಟರ್." ಈಗ ಹಿಂದುಮುಂದು ಮಾಡಿ ಅನ್ನುತ್ತಿದ್ದೆ. ಹೆಚ್ಚು ಮಕ್ಕಳು ವೈಲ್ ಅನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಅದಲು ಬದಲು ಮಾಡುತ್ತಿದ್ದರು. ಆಗ ಓಬವ್ವ ನೀರು ತರುವುದೇ ಹಿನ್ನೆಲೆಯಾಗಿ, ಗಂಡನ ಊಟವೇ ಮುಖ್ಯ ಸುದ್ದಿಯಾಗಿಬಿಡುತ್ತದೆ! ವೈಲ್ ತನ್ನ ಉಪವಾಕ್ಯವನ್ನು ಬಿಟ್ಟು ಇರುವುದಿಲ್ಲ, ಅದು ಹೋದ ಕಡೆ ಹೋಗುತ್ತದೆ: "ಓಬವ್ವ ವೆಂಟ್ ಟು ಫೆಚ್ ವಾಟರ್ ವೈಲ್ ಹರ್ ಹಸ್ಬೆಂಡ್ ವಾಸ್ ಈಟಿಂಗ್."

ಆಮೇಲೆ ಇದು: "ಆಲ್ದೋ ಶಿ ವಾಸ್ ಅಲೋನ್, ಶಿ ಡಿಡ್ ನಾಟ್ ರನ್." ತಿರುಗಿಸಿ: "ಶಿ ಡಿಡ್ ನಾಟ್ ರನ್, ಆಲ್ದೋ ಶಿ ವಾಸ್ ಅಲೋನ್." ನಿಂತಿತು. ಈಗ ಬಟ್ ಹಾಕಿ: "ಶಿ ವಾಸ್ ಅಲೋನ್, ಬಟ್ ಶಿ ಡಿಡ್ ನಾಟ್ ರನ್." ಇದನ್ನು ತಿರುಗಿಸಿ ಬಟ್‌ನಿಂದ ಶುರು ಮಾಡಿ ನೋಡಿ: "ಬಟ್ ಶಿ ಡಿಡ್ ನಾಟ್ ರನ್, ಶಿ ವಾಸ್ ಅಲೋನ್." ನಿಲ್ಲುವುದಿಲ್ಲ. ಬಟ್, ಸೋ, ಆ್ಯಂಡ್ ಇವು ಎರಡು ಸಮ ವಾಕ್ಯಗಳ ನಡುವೆ ಮಾತ್ರ ನಿಲ್ಲುತ್ತವೆ. ನಾವು ಕನ್ನಡ ವ್ಯಾಕರಣದಲ್ಲಿ ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಅಂತ ಓದಿದ್ದೆವಲ್ಲ, ಅದೇ ವ್ಯತ್ಯಾಸ. ಬಟ್ ಬಂದರೆ ಸಂಯೋಜಿತ, ಆಲ್ದೋ ಬಂದರೆ ಮಿಶ್ರ. ನಿಮ್ಮ ಹುಡುಗನಿಗೆ ಅನುಮಾನ ಬಂದಾಗಲೆಲ್ಲ ಹೀಗೆ ತಿರುಗಿಸಿ ನೋಡಲಿ.

ಕಾಮಾ ವಿಷಯ ಎರಡೇ ಮಾತು. ಉಪವಾಕ್ಯ ಮೊದಲು ಬಂದರೆ ಅದರ ಕೊನೆಗೆ ಕಾಮಾ. ಹಿಂದೆ ಬಂದರೆ ಸಾಮಾನ್ಯವಾಗಿ ಬೇಡ, ಆಲ್ದೋ ಇದ್ದಾಗ ಮಾತ್ರ ಹಾಕುವುದುಂಟು.

ಇನ್ನು ಅನ್‌ಲೆಸ್. ಇದನ್ನು ಮೊದಲು ಸರಿ ಮಾಡಿ, ಯಾಕಂದರೆ ಉಳಿದವು ಕಿವಿಗೆ ಮಾತ್ರ ಕೆಟ್ಟದಾಗಿ ಕೇಳುತ್ತವೆ, ಇದು ಅರ್ಥವನ್ನೇ ಬುಡಮೇಲು ಮಾಡುತ್ತದೆ. ಕನ್ನಡದಲ್ಲಿ "ಹಳೇ ಬಿಲ್ಲು ಕಟ್ಟದ ಹೊರತು" ಅನ್ನುತ್ತೇವೆ. "ಕಟ್ಟದ" ಅನ್ನುವಲ್ಲೇ ಇಲ್ಲ ಅನ್ನುವ ಅರ್ಥ ಇದೆ. ಹುಡುಗ ಅದನ್ನು ಡೋಂಟ್ ಮಾಡಿ ತಂದಿದ್ದಾನೆ. ಆದರೆ ಇಂಗ್ಲಿಷಿನ ಅನ್‌ಲೆಸ್ ಒಳಗೇ ಆ "ಇಲ್ಲ" ಅಡಗಿದೆ. ಮತ್ತೆ ಡೋಂಟ್ ಹಾಕಿದರೆ ಎರಡು ಇಲ್ಲ ಸೇರಿ "ನೀವು ಹಣ ಕಟ್ಟಿದರೆ ಮುಂದಿನ ಲೋಡು ಕಳಿಸುವುದಿಲ್ಲ" ಅಂತ ಆಗುತ್ತದೆ. ಯಾವ ಮಂಡಿಯೂ ಹಾಗೆ ಬರೆಯಲು ಬಯಸುವುದಿಲ್ಲ! "ಅನ್‌ಲೆಸ್ ಯು ಕ್ಲಿಯರ್ ದ ಓಲ್ಡ್ ಬಿಲ್" ಅಷ್ಟೇ ಸಾಕು. ಇಲ್ಲವೇ "ಇಫ್ ಯು ಡೋಂಟ್ ಕ್ಲಿಯರ್" ಅನ್ನಲಿ.

ಅನ್‌ಟಿಲ್ ಕೂಡ ಹೀಗೇ. "ಹಣ ಬರುವವರೆಗೆ" ಅಂತ ಯೋಚಿಸಿದರೆ ಸರಿಯಾಗಿ ಬರೆಯುತ್ತಾನೆ. "ಎಲ್ಲಿಯವರೆಗೆ ಹಣ ಬರುವುದಿಲ್ಲವೋ ಅಲ್ಲಿಯವರೆಗೆ" ಅಂತ ಯೋಚಿಸಿದರೆ ಡಸ್ ನಾಟ್ ಒಳಗೆ ನುಸುಳುತ್ತದೆ.

ಹರಿಹರದ ಸರ್, ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇಲ್ಲ. "ತೇವಾಂಶ 13 ಇತ್ತು. ಲಾರಿ ವಾಪಸ್ ಕಳಿಸಿದಿರಿ." ಈ ಎರಡು ವಾಕ್ಯಗಳಲ್ಲಿ ಸುದ್ದಿ ಇದೆ, ತಕರಾರು ಎಲ್ಲಿದೆ? ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲೇ ಮೆಕ್ಕೆಜೋಳಕ್ಕೆ ಶೇ. 14ರವರೆಗೆ ತೇವಾಂಶ ಒಪ್ಪುತ್ತಾರೆ. 13 ಇದ್ದ ಮಾಲು ತಿರಸ್ಕರಿಸಿದ್ದು ನ್ಯಾಯವಲ್ಲ ಅನ್ನುವುದು ಇವರ ಮಾತಿನ ತಿರುಳು. ಆ ತಿರುಳು ಇರುವುದೇ "ಇದ್ದರೂ" ಅನ್ನುವಲ್ಲಿ. ಅದನ್ನು ಕಿತ್ತು ಹಾಕಿದರೆ 13 ಇದ್ದದ್ದಕ್ಕೇ ವಾಪಸ್ ಕಳಿಸಿದರು ಅಂತ ಕೂಡ ಓದಬಹುದು.

ಉತ್ತರ: ತುಂಗಾತೀರ, ಹರಿಹರ

ಮೇಷ್ಟ್ರೇ, ಒಪ್ಪಿದೆ. ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ತಕರಾರಿನ ಪತ್ರಕ್ಕೆ ಕೊಂಡಿ ಬೇಕು. ಲಾರಿ ನಂಬರು, ಚೀಲದ ಲೆಕ್ಕ ಇಂಥದ್ದಕ್ಕೆ ಸಣ್ಣ ವಾಕ್ಯ ಸಾಕು ಅನ್ನುವುದು ಮಾತ್ರ ಉಳಿಸಿಕೊಳ್ಳುತ್ತೇನೆ.

ಉತ್ತರ: ಪಿಯು ವಿದ್ಯಾರ್ಥಿನಿ, ದಾವಣಗೆರೆ

ಸರ್, ಒಂದು ಡೌಟ್. ನಮಗೆ ಶಾಲೆಯಲ್ಲಿ "ದೋ" ಬಂದರೆ "ಯೆಟ್" ಬರಬೇಕು ಅಂತ ಹೇಳಿಕೊಟ್ಟಿದ್ದಾರೆ. "ದೋ ಹಿ ಈಸ್ ಪುವರ್, ಯೆಟ್ ಹಿ ಈಸ್ ಆನೆಸ್ಟ್." ಅದೂ ಎರಡು ಕೊಂಡಿ ಆಯಿತಲ್ಲ? ಮತ್ತೆ "ಇಫ್... ದೆನ್" ಅಂತ ಕಂಪ್ಯೂಟರ್ ಕ್ಲಾಸಿನಲ್ಲಿ ದಿನಾ ಬರುತ್ತದೆ. ಬಿಕಾಸ್ ಮತ್ತು ಬಿಕಾಸ್ ಆಫ್ ಕೂಡ ನನಗೆ ಗೊಂದಲ.

ಉತ್ತರ: ಕೋಟೆಬೀದಿ ಮೇಷ್ಟ್ರು, ಚಿತ್ರದುರ್ಗ

ಒಳ್ಳೆ ಜಾಗದಲ್ಲಿ ಕೈ ಇಟ್ಟಿದ್ದೀಯಮ್ಮ. ಯೆಟ್, ದೆನ್ ಇವು ಅಲ್ಲಿ ಕೊಂಡಿಗಳಲ್ಲ. "ಆದರೂ ಸಹ", "ಹಾಗಾದರೆ" ಅಂತ ಒತ್ತು ಕೊಡುವ ಪದಗಳು. ತೆಗೆದು ಹಾಕಿದರೂ ವಾಕ್ಯ ಕೆಡುವುದಿಲ್ಲ, ನೀನೇ ತೆಗೆದು ನೋಡು. ದೋ ಜೊತೆ ಯೆಟ್ ಬರುವುದು ಹಳೆಯ ರೂಢಿ. ಈಗ ಬರೆಯುವವರು ಕಡಿಮೆ, ತಪ್ಪಂತೂ ಅಲ್ಲ. ಬಟ್, ಸೋಗಳಿಗೆ ಈ ರಿಯಾಯಿತಿ ಇಲ್ಲ.

ಬಿಕಾಸ್ ಆಫ್ ಗೊಂದಲಕ್ಕೂ ಕನ್ನಡದಲ್ಲೇ ಕಾರಣ ಇದೆ. ನಾವು "ಮಳೆಯಿಂದ" ಅಂದರೂ ಇಂದ, "ಮಳೆ ಬಂದದ್ದರಿಂದ" ಅಂದರೂ ಇಂದ. ನಮಗೆ ಒಂದೇ ಬಾಲ ಸಾಕು. ಇಂಗ್ಲಿಷಿನವರು ಇದನ್ನು ಎರಡು ಮಾಡುತ್ತಾರೆ. ಬರೀ ಮಳೆ ಅಂದರೆ "ಬಿಕಾಸ್ ಆಫ್ ದ ರೈನ್". ಮಳೆ ಬಂತು ಅಂತ ಕ್ರಿಯಾಪದ ಸೇರಿದರೆ "ಬಿಕಾಸ್ ಇಟ್ ರೇನ್ಡ್". ಆಲ್ದೋ ಮತ್ತು ಡಿಸ್ಪೈಟ್ ನಡುವೆಯೂ ಇದೇ ಪಾಲು: "ಆಲ್ದೋ ಇಟ್ ರೇನ್ಡ್", "ಡಿಸ್ಪೈಟ್ ದ ರೈನ್". ಬಿಫೋರ್, ಆಫ್ಟರ್, ಅನ್‌ಟಿಲ್ ಮಾತ್ರ ಎರಡಕ್ಕೂ ಆಗುತ್ತವೆ.

ಉತ್ತರ: ಮಂಡಿಲೆಕ್ಕ, ದಾವಣಗೆರೆ

ಸರ್, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಇಡೀ ಉತ್ತರವನ್ನು ಹುಡುಗನಿಗೆ ಓದಿ ಹೇಳಿದೆ. ಹಮಾಲರು ಚೀಲ ಇಳಿಸುವುದು ಮುಗಿದು ಅಂಗಡಿ ಖಾಲಿಯಾಗಿತ್ತು, ಇಬ್ಬರೂ ಕೂತು ಅವನ ಹಳೇ ಮೇಲುಗಳನ್ನೆಲ್ಲ ತಿರುಗಿಸಿ ನೋಡಿದೆವು. ಸಂದಿಯ ವಿಷಯ ಕೇಳಿದ ತಕ್ಷಣ ಅವನ ಮುಖ ಅರಳಿತು. "ಹೌದು ಅಕ್ಕ, ಅಲ್ಲಿಗೆ ಬಂದಾಗ ಏನೋ ಬಿಟ್ಟು ಹೋದಂಗೆ ಅನ್ನಿಸುತ್ತೆ" ಅಂದ.

ವೆನ್, ವಿಲ್ ಬಗ್ಗೆ ನೀವು ಹೇಳಲಿಲ್ಲ. ನಾನು "ವೆನ್ ಆದ ಮೇಲೆ ವಿಲ್ ಬೇಡ" ಅಂತ ಹೇಳಿಬಿಟ್ಟಿದ್ದೇನೆ. ಅವನು ಈಗ ಟ್ರಾನ್ಸ್‌ಪೋರ್ಟಿನವರು ಕಳಿಸಿದ ಮೆಸೇಜ್ ತೋರಿಸುತ್ತಾನೆ: "ವಿ ಡೋಂಟ್ ನೋ ವೆನ್ ದ ಲಾರಿ ವಿಲ್ ರೀಚ್." ಇದು ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಹಾಗಾದರೆ ನಿಯಮ ಏನು?

ಉತ್ತರ: ಅನುವಾದದ ಕೆಲಸ, ಹೊಳಲ್ಕೆರೆ

ಅಕ್ಕ, ಇದಕ್ಕೆ ನಾನು ಉತ್ತರ ಹೇಳಲಾ? ಅನುವಾದ ನನ್ನ ಹೊಟ್ಟೆಪಾಡು, ಈ ವೆನ್ ದಿನವೂ ಎದುರಾಗುತ್ತದೆ.

ಹುಡುಗನಿಗೆ ಕನ್ನಡದಲ್ಲೇ ಹೇಳಿ ನೋಡು ಅನ್ನಿ. "ಲಾರಿ ಬಂದಾಗ ಫೋನ್ ಮಾಡಿ." ಲಾರಿ ಇನ್ನೂ ಬಂದಿಲ್ಲ, ನಾಳೆ ಬರುತ್ತದೆ. ಆದರೂ ನಾವು "ಬಂದಾಗ" ಅನ್ನುತ್ತೇವೆ. ಅದು ನೋಡಲು ಆಗಿಹೋದ ಕೆಲಸದ ರೂಪ. ಬಂದರೆ, ಬಂದ ಮೇಲೆ, ಬಂದ ಕೂಡಲೇ ಎಲ್ಲವೂ ಹಾಗೇ. "ಬರುವ ಮೇಲೆ ಫೋನ್ ಮಾಡಿ" ಅಂತ ಯಾರೂ ಅನ್ನುವುದಿಲ್ಲ. ಅಂದರೆ ಮುಂದೆ ಆಗುವುದನ್ನು ಉಪವಾಕ್ಯದಲ್ಲಿ ಭವಿಷ್ಯತ್ತಿನಲ್ಲಿ ಹೇಳದೆ ಬಿಡುವುದು ನಮಗೂ ಗೊತ್ತು. ಇಂಗ್ಲಿಷಿನವರು ಆ ಜಾಗದಲ್ಲಿ ವರ್ತಮಾನ ಬಳಸುತ್ತಾರೆ: "ವೆನ್ ದ ಲಾರಿ ರೀಚಸ್, ಪ್ಲೀಸ್ ಕಾಲ್ ಅಸ್." ಮುಂದಿನ ಕಾಲ ಅಂತ ಪ್ರಧಾನ ವಾಕ್ಯದಿಂದಲೇ ಗೊತ್ತಾಗುತ್ತದೆ.

ಟ್ರಾನ್ಸ್‌ಪೋರ್ಟಿನವರ ವಾಕ್ಯ ಕನ್ನಡದಲ್ಲಿ ಹೇಗಿರುತ್ತದೆ? "ಲಾರಿ ಯಾವಾಗ ಬರುತ್ತೋ ಗೊತ್ತಿಲ್ಲ." ಇಲ್ಲಿ "ಬಂದಾಗ" ಬರುವುದೇ ಇಲ್ಲ. ಇದು ಒಳಗೆ ಅಡಗಿದ ಪ್ರಶ್ನೆ. ಪ್ರಶ್ನೆಯಲ್ಲಿ ವಿಲ್ ಇರಬಹುದು. ಹಾಗಾಗಿ ಕನ್ನಡದಲ್ಲಿ ಬಂದಾಗ ಅಂತ ಬಂದರೆ ವಿಲ್ ಬೇಡ, ಯಾವಾಗ ಬರುತ್ತೆ ಅಂತ ಬಂದರೆ ವಿಲ್ ಇರಲಿ. ಇಂಗ್ಲಿಷ್ ಎರಡಕ್ಕೂ ವೆನ್ ಅಂತ ಒಂದೇ ಪದ ಇಟ್ಟುಕೊಂಡಿದೆ, ನಮ್ಮ ಭಾಷೆಯಲ್ಲಿ ಅವು ಬೇರೆ ಬೇರೆ. ಇಲ್ಲಿ ಕನ್ನಡದವರಿಗೆ ಅನುಕೂಲವೇ ಜಾಸ್ತಿ.

ಇಫ್ ಕೂಡ ಇದೇ ಅಳತೆಗೆ ಸಿಗುತ್ತದೆ. "ಮಳೆ ಬಂದರೆ ಲೋಡಿಂಗ್ ನಿಲ್ಲಿಸುತ್ತೇವೆ" ಅಂದಾಗ "ಇಫ್ ಇಟ್ ರೇನ್ಸ್". "ಮಳೆ ಬರುತ್ತೋ ಇಲ್ಲವೋ ಗೊತ್ತಿಲ್ಲ" ಅಂದಾಗ "ಇಫ್ ಇಟ್ ವಿಲ್ ರೇನ್" ಸರಿ, ಅಲ್ಲಿ ಇಫ್ ಬದಲು ವೆದರ್ (ಹವಾಮಾನದ್ದಲ್ಲ, ಹೌದೋ ಇಲ್ಲವೋ ಅನ್ನುವ ವೆದರ್) ಅಂದರೆ ಇನ್ನೂ ಸ್ಪಷ್ಟ.

ಸಿನ್ಸ್ ಬಗ್ಗೆಯೂ ಒಂದು ಮಾತು, ಹುಡುಗ ಮುಂದೆ ಕೇಳಿಯೇ ಕೇಳುತ್ತಾನೆ. ಅದಕ್ಕೆ ಎರಡು ಕೆಲಸ. "ಅಂದಿನಿಂದ" ಅನ್ನುವುದು ಒಂದು, "ಆದ ಕಾರಣ" ಅನ್ನುವುದು ಇನ್ನೊಂದು. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. "ಸಿನ್ಸ್ ದ ಡ್ಯಾಮ್ ಓವರ್‌ಫ್ಲೋಡ್, ಫಾರ್ಮರ್ಸ್ ಹ್ಯಾವ್ ಗ್ರೋನ್ ಮೋರ್" ಅಂತ ಬರೆದರೆ ಕೋಡಿ ಬಿದ್ದ ದಿನದಿಂದಲೋ, ಕೋಡಿ ಬಿದ್ದ ಕಾರಣದಿಂದಲೋ? ಎರಡೂ ಆಗಬಹುದು. ವೈಲ್, ಆಸ್ ಇವುಗಳಲ್ಲೂ ಈ ಕಷ್ಟ ಇದೆ. ಹಣದ ವಿಷಯ ಬರೆಯುವಾಗ ಕಾರಣಕ್ಕೆ ಬಿಕಾಸ್ ಒಂದನ್ನೇ ಬಳಸಲಿ.

ಉತ್ತರ: ಮಂಡಿಲೆಕ್ಕ, ದಾವಣಗೆರೆ

ತಂಗಿ, ಯಾವಾಗ ಮತ್ತು ಬಂದಾಗ ಅನ್ನುವ ಈ ಅಳತೆ ಅವನು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡ.

ಕೊನೆಯದಾಗಿ ಒಂದು ನಿಜವಾದ ಕೆಲಸ. ಒಂದು ಕಾರ್ಖಾನೆ ನಮ್ಮ ಲೋಡಿಗೆ ತೇವಾಂಶ ಜಾಸ್ತಿ ಅಂತ ಹಣ ಕಡಿತ ಮಾಡಿದೆ. ಅವರದೇ ಲ್ಯಾಬಿನ ರಿಪೋರ್ಟಿನಲ್ಲಿ 13 ಅಂತ ಇದೆ. ಹುಡುಗ ಎರಡು ಥರ ಬರೆದಿದ್ದಾನೆ, ಎರಡೂ ತಪ್ಪಿಲ್ಲ ಅನ್ನಿಸುತ್ತದೆ:

"ಆಲ್ದೋ ಯುವರ್ ಲ್ಯಾಬ್ ರಿಪೋರ್ಟ್ ಶೋಸ್ ಥರ್ಟೀನ್ ಪರ್ಸೆಂಟ್, ಯು ಹ್ಯಾವ್ ಡಿಡಕ್ಟೆಡ್ ಮನಿ."

"ಯು ಹ್ಯಾವ್ ಡಿಡಕ್ಟೆಡ್ ಮನಿ, ಆಲ್ದೋ ಯುವರ್ ಓನ್ ಲ್ಯಾಬ್ ರಿಪೋರ್ಟ್ ಶೋಸ್ ಥರ್ಟೀನ್ ಪರ್ಸೆಂಟ್."

ಯಾವುದು ಕಳಿಸಲಿ? ಇದರ ಕೆಳಗೆ ಅನ್‌ಲೆಸ್ ವಾಕ್ಯ, ಈಗ ಡೋಂಟ್ ಇಲ್ಲದೆ.

ಉತ್ತರ: ಕೋಟೆಬೀದಿ ಮೇಷ್ಟ್ರು, ಚಿತ್ರದುರ್ಗ

ಎರಡನೆಯದು ಕಳಿಸಿ. ಕನ್ನಡದಲ್ಲಿ ಪ್ರಧಾನ ಕ್ರಿಯಾಪದ ಕೊನೆಗೇ ಬರಬೇಕು, ಹಾಗಾಗಿ ನಮಗೆ ಆಯ್ಕೆ ಕಡಿಮೆ. ಇಂಗ್ಲಿಷಿನಲ್ಲಿ ಯಾವ ಅರ್ಧ ಕೊನೆಗೆ ಇಡಬೇಕು ಅನ್ನುವುದು ಬರೆಯುವವನ ಕೈಯಲ್ಲಿದೆ, ಓದುವವನ ಮನಸ್ಸಿನಲ್ಲಿ ನಿಲ್ಲುವುದು ಕೊನೆಯ ಮಾತು. ಕಡಿತ ಮಾಡಿದ್ದು ಅವರಿಗೆ ಗೊತ್ತೇ ಇದೆ. ಅವರು ಓದಿ ನಿಲ್ಲಬೇಕಾದ್ದು ಅವರ ಲ್ಯಾಬಿನ 13ರ ಮೇಲೆ. "ಓನ್" ಅಂತ ಸೇರಿಸಿದ್ದು ಬಹಳ ಚೆನ್ನಾಗಿದೆ, ಅದು ಹುಡುಗನದೇ ಆಗಿದ್ದರೆ ಅವನಿಗೆ ನನ್ನ ಶಭಾಷ್ ಹೇಳಿ. "ಮನಿ" ಅನ್ನುವ ಕಡೆ ಎಷ್ಟು ರೂಪಾಯಿ ಅಂತ ಅಂಕಿ ಹಾಕಿ.

ಅನ್‌ಲೆಸ್ ವಾಕ್ಯ ಸರಿಯಾಗಿದೆ, ಆದರೂ ನಾನಾಗಿದ್ದರೆ ಬದಲಿಸುತ್ತಿದ್ದೆ. ಅದು ಬಾಗಿಲು ಹಾಕಿದ ಹಾಗೆ ಕೇಳುತ್ತದೆ, ಇವರ ಜೊತೆ ನೀವು ಮುಂದಿನ ಸುಗ್ಗಿಗೂ ವ್ಯಾಪಾರ ಮಾಡಬೇಕಲ್ವಾ. "ವಿ ವಿಲ್ ಸೆಂಡ್ ದ ನೆಕ್ಸ್ಟ್ ಲೋಡ್ ಆಸ್ ಸೂನ್ ಆಸ್ ದ ಬ್ಯಾಲೆನ್ಸ್ ಈಸ್ ಪೇಯ್ಡ್." ಹಣ ಬಂದ ಕೂಡಲೇ ಕಳಿಸುತ್ತೇವೆ. ಷರತ್ತು ಅದೇ, ದನಿ ಬೇರೆ. ಹೊಳಲ್ಕೆರೆಯವರು ಹೇಳಿದ ಅಳತೆ ಇಲ್ಲೂ ನಡೆಯುತ್ತದೆ: ಕನ್ನಡದಲ್ಲಿ "ಬಂದ ಕೂಡಲೇ", ಆದ್ದರಿಂದ ಆಸ್ ಸೂನ್ ಆಸ್ ಆದ ಮೇಲೆ "ವಿಲ್ ಬಿ ಪೇಯ್ಡ್" ಬೇಡ, "ಈಸ್ ಪೇಯ್ಡ್" ಇರಲಿ.